ತುಟಿಯಲ್ಲಿ ಗುಂಡುಸೂಜಿ

"ಪುಸ್ತಕದಲ್ಲಿ ಅದೇನು ಬರೀತಿದೀಯ ಪುಟ್ಟಿ?" ಅರ್ಧ ಹೊಲಿದ ಕೋಟು ತೊಟ್ಟು ನಿಂತಿದ್ದ ಗಿರಾಕಿ ಹೆಂಗಸು ದರ್ಜಿಯ ಮಗಳನ್ನು ಕೇಳಿದಳು. ಪುಟ್ಟಿ "ಕಾ... ಕಾ..." ಎಂದು ತಡವರಿಸಿದಳು. ಮಗಳ ಮಾತು ಹೀಗೆ ತೊಡರಿದಾಗಲೆಲ್ಲ ಮುಗಿಸಿಕೊಡುವುದು ಅಮ್ಮನ ಅಭ್ಯಾಸ. ಈಗಲೂ, ಕೋಟಿನ ಅಳತೆ ಸರಿಮಾಡುತ್ತಿದ್ದ ಅವಳ ನಾಲಿಗೆ ತುದಿಗೆ ಉತ್ತರ ಬಂದಿತ್ತು.

ಬೆಳಿಗ್ಗೆ ಮೇಜು ಒರೆಸುವಾಗ ಅವಳು ಆ ಪುಸ್ತಕ ತೆರೆದಿದ್ದಳು. ಮಗಳು ಯಾರೋ ಕಾಡಿನ ಜನರನ್ನು ಹುಟ್ಟಿಸಿ, ಅವರಿಗೊಂದು ಭಾಷೆಯನ್ನೂ ಕಟ್ಟಿಕೊಟ್ಟಿದ್ದಳು. 'ಮೊದಲ ಅಕ್ಷರವನ್ನು ಮೂರು ಸಲ ಹೇಳಿದರೆ ಮರ್ಯಾದೆ. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿದರೆ ಅದು ಕಳ್ಳತನ.' ಮೊದಲ ಸಾಲಿಗೆ ನಕ್ಕ ಅಮ್ಮ, ಎರಡನೆಯದಕ್ಕೆ ಒರೆಸುವ ಬಟ್ಟೆ ಹಿಡಿದು ಹಾಗೇ ಕುಳಿತುಬಿಟ್ಟಿದ್ದಳು.

ಈಗ ಅವಳು ಎರಡು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಪುಟ್ಟಿ ಅಮ್ಮನ ಬಾಯನ್ನೇ ದಿಟ್ಟಿಸಿದಳು. ಅದು ತೆರೆಯಲಿಲ್ಲ. "ಕಾ... ಕಾಡಿನವರ ಭಾಷೆ ಆಂಟಿ. ನಾನೇ ಮಾಡಿದ್ದು!"

"ಅಬ್ಬಾ, ಜಾಣೆ! ಅದ್ರಲ್ಲಿ ಅಮ್ಮನಿಗೆ ಏನಂತಾರೆ?"

"ಲೂ... ಲೂ..."

ಅಮ್ಮ ಮೂರನೆಯ ಗುಂಡುಸೂಜಿಗೆ ಕೈಚಾಚಿದಳು.