ಬೆಕ್ಕಿನ ಕಡೆಯವರು

"ಈ ಬೆಕ್ಕು ನಿಮ್ಮದಲ್ಲ," ಎಂದಳು ಡಾಕ್ಟರು. ಅದು ಪ್ರಶ್ನೆಯಾಗಿರಲಿಲ್ಲ.

ಬುಟ್ಟಿ ಹಿಡಿದು ಬಂದಿದ್ದ ದರ್ಜಿ ತಲೆ ತಗ್ಗಿಸಿದ. ಅವನ ಅಂಗಿಯ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ ಹಾಗೇ ಇತ್ತು. ಹೊರಗಿನ ಮೇಜಿನಲ್ಲಿ ತನ್ನದೇ ಹೆಸರು ಕೊಟ್ಟಿದ್ದ. ಆದರೆ ಬೆಕ್ಕನ್ನು ಅವನು ಬೇರೆಯವರ ಮನೆಯ ಗಾಜಿನ ಪಾತ್ರೆ ಎತ್ತುವ ಹಾಗೆ ಎತ್ತಿದ್ದ.

"ಪಕ್ಕದ ಮನೆಯವರದು. ಅವರಿಗೆ ಬರೋಕಾಗಲ್ಲ."

"ಬರೋಕಾಗಲ್ವಾ, ಬರೋ ಮನಸ್ಸಿಲ್ವಾ?"

ಸ್ಟೀಲ್ ಮೇಜಿನ ಮೇಲೆ ಬೂದು ಬೆಕ್ಕು ಬಟ್ಟೆಯ ಗಂಟಿನಂತೆ ಬಿದ್ದಿತ್ತು. ಮೂತ್ರಪಿಂಡ ಕೈಕೊಟ್ಟಿತ್ತು. ಉಳಿದಿದ್ದು ಒಂದೇ, ನೋವಿಲ್ಲದೆ ಕಳಿಸಿಕೊಡುವುದು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಮಾಡಿದ್ದ ನಿಯಮವೊಂದಿತ್ತು. ಕೊನೆಯ ಇಂಜೆಕ್ಷನ್ನಿನ ಹೊತ್ತಿಗೆ ಸಾಕಿದವರು ಕೋಣೆಯೊಳಗೇ ಇರಬೇಕು. ಪ್ರಾಣಿಯ ಕಣ್ಣು ಕೊನೆಗೆ ಹುಡುಕುವುದು ಅವರನ್ನೇ. ಈ ನಿಯಮದಿಂದಲೇ ಅವಳ ಸಿದ್ಧಾಂತವೂ ಹುಟ್ಟಿತ್ತು: ನಾಯಿಯ ಕಡೆಯವರು ಅಳುತ್ತಲಾದರೂ ನಿಲ್ಲುತ್ತಾರೆ, ಬೆಕ್ಕಿನ ಕಡೆಯವರು ನೆಪ ಹೇಳಿ ಹೊರಗೆ ಹೋಗುತ್ತಾರೆ. ಯಾವುದೂ ಬೇಡದವರು ಮೂರನೆಯ ಪಂಗಡ. ಅದಕ್ಕೆ ಅವಳ ಬಳಿ ಒಂದೇ ಉದಾಹರಣೆಯಿತ್ತು, ಅಪ್ಪ ತೀರಿಕೊಂಡ ವಾರದೊಳಗೆ ಅಪ್ಪನ ನಾಯಿಯನ್ನು ಯಾರಿಗೋ ದಾಟಿಸಿದ ಅಮ್ಮ. ಅಲ್ಲಿಂದಾಚೆಗೆ ಮಗಳು ಆ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಒಂದು ಉದಾಹರಣೆಯಿಂದ ನಿಯಮ ಕಟ್ಟಬಾರದೆಂದು ಕಾಲೇಜಿನಲ್ಲಿ ಕಲಿತಿದ್ದಳು. ಪರೀಕ್ಷೆ ಮುಗಿದ ಮೇಲೆ ಮರೆತಿದ್ದಳು.

"ಮೀನು ಸಾಕಿದೋರು ಯಾವ ಕಡೆ ಮೇಡಂ?" ಎಂದು ನರ್ಸ್ ಒಮ್ಮೆ ಕೇಳಿದ್ದಳು.

"ಎದುರು ಮಾತಾಡದೋರೇ ಬೇಕು ಅನ್ನೋ ಕಡೆ. ನಿನ್ನ ಗಂಡನ್ನ ಕೇಳು."

ದರ್ಜಿ ಜೇಬಿನಿಂದ ಫೋನ್ ತೆಗೆದ. "ಅವರು ಲೈನಲ್ಲೇ ಇದ್ದಾರೆ. ಮುಗಿಯೋ ತನಕ ಕೇಳಿಸ್ಕೊಂಡಿರ್ತಾರಂತೆ. ಆಗಬಹುದಾ?"

"ಸಾಯೋದನ್ನೂ ರೇಡಿಯೋ ಥರ ಕೇಳ್ತಾರಾ?" ಎಂದಳು ಡಾಕ್ಟರು, ಫೋನಿಗೆ ಕೇಳಿಸಲೆಂದೇ. "ಇಡಿ, ಅದರ ಕಿವಿ ಹತ್ತಿರ ಇಡಿ."

ಅವನು ಫೋನನ್ನು ಬೆಕ್ಕಿನ ಕಿವಿಯ ಹತ್ತಿರ ಇಡಲಿಲ್ಲ. ಮೇಜಿನ ಈಚೆ ತುದಿಯಲ್ಲಿ, ಡಾಕ್ಟರು ನಿಂತ ಕಡೆ ಇಟ್ಟ. ನರ್ಸ್ ಅದನ್ನು ಸರಿಸಲು ಹೋದಾಗ, "ಅಲ್ಲೇ ಇರಲಿ ಅಕ್ಕ," ಎಂದ.

ಮಂಪರಿನ ಔಷಧಿ ಇಳಿಯಿತು. ಅದು ಹಿಡಿಯುವವರೆಗೆ ಕಾಯಬೇಕು.

"ನೀವೇ ಕೊಡ್ತೀರಲ್ವಾ ಡಾಕ್ಟ್ರೇ? ಬೇರೆ ಯಾರೂ ಅಲ್ಲ ತಾನೆ?"

"ಯಾಕೆ, ಅನುಮಾನವಾ?"

"ನಮ್ಮ ಬೀದೀಲೇ ಒಬ್ಬ ಡಾಕ್ಟ್ರಿದ್ದಾರೆ. ಅವರ ಹತ್ರ ಬೇಡ, ನಿಮ್ಮಲ್ಲಿಗೇ ಕರ್ಕೊಂಡು ಹೋಗು ಅಂದ್ರು ಇವರು. ಊರಿನ ಈ ತುದಿಗೆ."

ಹೊಗಳಿಕೆ ಡಾಕ್ಟರಿಗೆ ಹಿತವಾಯಿತು. ಕೋಪ ಮಾತ್ರ ಇಳಿಯಲಿಲ್ಲ. "ಒಳ್ಳೇ ಡಾಕ್ಟ್ರು ಬೇಕು, ಜೊತೆಗಿರೋದು ಬೇಡ. ಬೆಕ್ಕಿನ ಕಡೆಯವರೇ ಹೀಗೆ. ಮಡಿಲಲ್ಲಿ ಬೆಚ್ಚಗಿರೋ ತನಕ ಪ್ರೀತಿ. ಕಷ್ಟ ಬಂತಾ, ಪಕ್ಕದ ಮನೆಯವನ ಕೈಗೆ ಬುಟ್ಟಿ." ಇಷ್ಟು ಹೇಳಿ, ತಾನು ಅತಿಯಾಗಿ ಮಾತಾಡಿದೆನೇನೋ ಎಂದು ನಿಲ್ಲಿಸಿದಳು.

"ನಿಲ್ಲಿಸಬೇಡಿ ಡಾಕ್ಟ್ರೇ," ಎಂದ ದರ್ಜಿ. "ನೀವು ಮಾತಾಡ್ತಾ ಇರಿ. ಅವರಿಗೆ ಅದೇ ಬೇಕಾಗಿರೋದು."

ಬೈಗುಳ ಕೇಳಲು ಯಾರಿಗಾದರೂ ಆಸೆಯಿರುತ್ತದೆಯೇ? ಅವಳು ಅವನನ್ನೇ ನೋಡಿದಳು. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ.

"ನಿಜವಾಗ್ಲೂ ಏನಾಗಿದೆ ಅವರಿಗೆ?"

"ಬಿದ್ದು ಸೊಂಟದ ಮೂಳೆ ಮುರಿದಿದೆ. ಹೊರಳೋಕೂ ಆಗಲ್ಲ. ಇದು ಅವರ ಕಾಲ ಹತ್ತಿರಾನೇ ಮಲಗಿರ್ತಿತ್ತು. ಮನೆ ಖಾಲಿಯಾದ ಮೇಲೆ ಎಲ್ಲಿಂದಲೋ ತಾನಾಗೇ ಬಂದು ಸೇರ್ಕೊಂಡಿದ್ದು."

ಡಾಕ್ಟರ ಕಿವಿ ಬಿಸಿಯಾಯಿತು. ಹೊರಳಲಾಗದವರನ್ನು ಹಿಡಿದು ಇಷ್ಟು ಹೊತ್ತು ಹಂಗಿಸಿದ್ದಳು, ಅದೂ ಅವರು ಕೇಳುತ್ತಿದ್ದಾಗ. ನಾಚಿಕೆ ನುಂಗಲಾಗದೆ ಅದನ್ನು ಬೇರೆಯವರ ತಲೆಗೆ ಕಟ್ಟಲು ನೋಡಿದಳು.

"ಮಕ್ಕಳಿಲ್ವಾ?"

"ಒಬ್ಬರಿದ್ದಾರೆ."

"ಬರಲ್ವಾ?"

"ಇಲ್ಲ."

"ಎಂಥವರೋ. ಹೆತ್ತವರು ಹಾಸಿಗೆ ಹಿಡಿದಿರುವಾಗ ತಿರುಗಿ ನೋಡಲ್ಲ ಅಂದ್ರೆ ನಾಚಿಕೆ ಆಗಬೇಕು."

"ಹಾಗೆ ಅನ್ನೋಕೆ ಅವರು ಬಿಡಲ್ಲ ಡಾಕ್ಟ್ರೇ," ಎಂದ ದರ್ಜಿ, ಫೋನಿನತ್ತ ನೋಡುತ್ತ. "ತಪ್ಪು ತನ್ನದೇ ಅಂತಾರೆ. ಗಂಡನ ದಾರಿ ಕಾಯ್ತಾ ಬಾಗಿಲಲ್ಲೇ ಕೂತಿರೋ ಜೀವಾನ ನೋಡೋಕಾಗದೆ ಏನೋ ಮಾಡಿಬಿಟ್ಟೆ, ಹೇಳಿಕೊಳ್ಳೋಕೆ ಬರಲಿಲ್ಲ, ಅಂತಾರೆ."

ಅಷ್ಟರಲ್ಲಿ ಬೆಕ್ಕಿನ ತಲೆ ಮೆಲ್ಲಗೆ ವಾಲಿತು. ಡಾಕ್ಟರ ಗಮನವೆಲ್ಲ ಅತ್ತ ಹರಿಯಿತು. ಮುಂಗಾಲಿನ ಕೂದಲು ಬೋಳಿಸಿದ್ದ ಜಾಗದಲ್ಲಿ ನರ ಹುಡುಕಿದಳು. ಸೂಜಿ ಒಂದೇ ಸಲಕ್ಕೆ ಇಳಿಯಿತು. ಬೆಕ್ಕು ಬೆಚ್ಚಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಒತ್ತಿ, ಸದ್ದು ಪೂರ್ತಿ ನಿಲ್ಲುವವರೆಗೆ ಬಾಗಿಯೇ ಇದ್ದಳು.

ನಂತರ ಫೋನಿನ ಕಡೆ ತಿರುಗಿದಳು. ಆ ಕಡೆ ಉಸಿರಾಟ ಮಾತ್ರ ಕೇಳುತ್ತಿತ್ತು.

"ಮುಗೀತು. ನಿದ್ದೆಯಲ್ಲೇ ಹೋಯಿತು, ಅದಕ್ಕೇನೂ ಗೊತ್ತಾಗಲಿಲ್ಲ. ನಿಮ್ಮ ಬಗ್ಗೆ ಏನೇನೋ ಅಂದುಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ."

ಉಸಿರು ಒಮ್ಮೆ ತಡೆದು ನಿಂತಿತು.

"ಇಲ್ಲ ಕಣೇ, ಎಷ್ಟು ವರ್ಷ ಆಗಿತ್ತು ನಿನ್ನ ದನಿ ಕೇಳಿ," ಎಂದಳು ಅಮ್ಮ. "ಊಟ ಮಾಡಿದ್ಯಾ?"