ಮೆಟ್ಟಿಲ ತಿರುವು

ಮೂರನೇ ಮಹಡಿಯ ಆ ಮನೆಯಲ್ಲಿ ಹೆಂಡತಿ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದಳು. ಗೋಡೆ ತಟ್ಟಿದಳು, ಕಪಾಟಿನೊಳಗೆ ತಲೆ ತೂರಿಸಿ ತೇವದ ವಾಸನೆ ಇದೆಯೇ ಎಂದು ಮೂಸಿದಳು, ಹೊಸ ಬಣ್ಣದ ಕೆಳಗೆ ಬಿರುಕು ಅಡಗಿದೆಯೇ ಎಂದು ಉಗುರಿನಿಂದ ಕೆರೆದೂ ನೋಡಿದಳು. ಅಷ್ಟು ಹೊತ್ತೂ ದಲ್ಲಾಳಿಯ ಜೀವ ಬಾಯಿಗೆ ಬಂದಿತ್ತು. ಎಂಟು ಮನೆಗಳಲ್ಲಿ ಹುಳುಕು ಹುಡುಕಿ ಪಳಗಿದ್ದವಳಿಗೆ ಈ ಒಂಬತ್ತನೆಯದರಲ್ಲಿ ಏನೂ ಸಿಗಲಿಲ್ಲ.

"ಇದೇ ಇರ್ಲಿ ರೀ," ಎಂದು ತಿರುಗಿದರೆ ಗಂಡನೇ ಇಲ್ಲ.

ಅವನು ಹೊರಗೆ ಮೆಟ್ಟಿಲ ಮೇಲಿದ್ದ. ಎರಡೂ ಕೈ ಮುಂದೆ ಚಾಚಿ, ಏನೋ ಭಾರ ಹಿಡಿದವನಂತೆ ಹಿಮ್ಮುಖವಾಗಿ ಇಳಿಯುತ್ತಿದ್ದ. ತಿರುವಿನಲ್ಲಿ ಮೊಣಕೈ ಗೋಡೆಗೆ ತಾಗಿತು. ಮತ್ತೆ ಹತ್ತಿ ಮತ್ತೆ ಇಳಿದ. ಮತ್ತೆ ತಾಗಿತು. ಆಂಬುಲೆನ್ಸಿನಲ್ಲಿ ಮೂವತ್ತೊಂದು ವರ್ಷ ಸ್ಟ್ರೆಚರ್ ಹೊತ್ತು ಮೊನ್ನೆ ಮೊನ್ನೆ ನಿವೃತ್ತನಾದ ಆಸಾಮಿ. ಹಿಂದಿನ ಎಂಟು ಮನೆಗಳಲ್ಲೂ ಮೆಟ್ಟಿಲು, ಬಾಗಿಲು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಹಳೇ ಚಾಳಿ ಎಂದು ಅವಳು ಸುಮ್ಮನಿದ್ದಳು. ಇವತ್ತು ಮಾತ್ರ ರೇಗಿಹೋಯಿತು.

"ಈ ಮನೆ ಬೇಡ," ಎಂದ ಗಂಡ. "ಸ್ಟ್ರೆಚರ್ ತಿರುಗಲ್ಲ."

"ನಾವು ಮನೆ ತಗೊಳೋಕೆ ಬಂದಿದೀವಾ, ಹೆಣ ಸಾಗ್ಸೋಕಾ? ಬಿಡ್ತು ಅನ್ನಿ!"

"ಅಣ್ಣ ಗುಂಡುಕಲ್ಲಿನ ಹಾಗಿದಾರೆ, ಅವರಿಗ್ಯಾಕೆ ಸ್ಟ್ರೆಚರ್ ಚಿಂತೆ?" ಎಂದು ದಲ್ಲಾಳಿ ನಕ್ಕ. ಗಂಡ ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಇಂಥ ತಿರುವಲ್ಲಿ ಕುರ್ಚೀಲಿ ಕೂರಿಸಿ, ಬೆಡ್‌ಶೀಟಲ್ಲಿ ಕಟ್ಟಿ ಇಳಿಸ್ತಿದ್ವಿ. ಒಂದೊಂದು ಮೆಟ್ಟಿಲಿಗೂ ಕತ್ತು ವಾಲೋದು. ಮನೆಯೋರು ಮೇಲೆ ನಿಂತ್ಕೊಂಡು ನೋಡೋರು. ನೀನು ನನ್ನನ್ನ ಹಾಗೆ ನೋಡ್ಬಾರ್ದು ಕಣೇ."

"ನಿಮ್ಮನ್ನಾ? ನಿಮಗೇನಾಗಿದೆ?"

ಅವನು ಅಂಗಿಯ ಗುಂಡಿ ತಿರುಚುತ್ತ ಕೂತ. "ಹೋದ ತಿಂಗಳೇ ಡಾಕ್ಟ್ರು ಹೇಳಿದ್ರು. ಒಂದು ವರ್ಷ ಸಿಕ್ಕಿದ್ರೆ ಹೆಚ್ಚು ಅಂತ."

ದಲ್ಲಾಳಿ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಸರಿದ. ಅವಳಿಗೆ ಸಿಟ್ಟು ಬಂತು. ತಾನು ನಲ್ಲಿ, ಕಿಟಕಿ ಅಂತ ಓಡಾಡುತ್ತಿದ್ದಾಗ ಈ ಮನುಷ್ಯ ಒಂದು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡು, ಒಂಬತ್ತು ಮನೆಗಳಲ್ಲಿ ತನ್ನನ್ನು ತಾನೇ ಕೆಳಗಿಳಿಸಿ ನೋಡಿದ್ದ. ಅವಳು ಅವನ ಪಕ್ಕದಲ್ಲಿ ಕೂತಳು. ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ನೆಲಮಹಡೀಲೇ ಯಾವುದಾದ್ರೂ ಹುಡುಕೋಣ," ಎಂದ ಗಂಡ ಮೆಲ್ಲಗೆ. "ಆವತ್ತು ನಿಂಗೆ ಕಷ್ಟ ಆಗ್ಬಾರ್ದು."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇಳಿಸೋಕೆ ನಾಲ್ಕು ಜನ ಬರ್ತಾರೆ ರೀ, ಹೇಗೋ ಇಳಿಸ್ತಾರೆ. ನೀವು ಗಾಡಿ ಹತ್ತಿ ಹೊರಟುಬಿಡ್ತಿದ್ರಿ. ಮನೆಯೋರು ಆಮೇಲೆ ಒಂಟಿಯಾಗಿ ವಾಪಸ್ ಹೇಗೆ ಮನೆಯೊಳಗೆ ಹೋದ್ರು ಅಂತ ಒಂದು ದಿನಾನಾದ್ರೂ ನಿಂತು ನೋಡಿದೀರಾ?"