ಮಾಟಗಾತಿ ಮರೆತದ್ದು

ಪುಟ ತಿರುವಿದ್ದೇ ತಡ, ಮಿಸ್ಸಿನ ಎರಡೂ ಕೈ ಗಾಳಿಯಲ್ಲೇ ನಿಂತುಬಿಟ್ಟವು. ಅಯ್ಯೋ ದೇವರೇ, ಮನೆಯಲ್ಲೇ ಒಂದು ಸಲ ಪೂರ್ತಿ ಓದಿಕೊಂಡು ಬರಬಾರದಿತ್ತೇ! ಆದರೆ ಹಾರುವ ನರಿಯ ಕಥೆ ಅಷ್ಟು ಚೆನ್ನಾಗಿತ್ತು. ಮುಂದೇನಾಯಿತು ಎಂಬುದನ್ನು ಮಕ್ಕಳ ಜೊತೆಗೇ ಕಂಡುಕೊಳ್ಳಬೇಕೆಂಬ ಚಪಲ. ಈಗ ಅನುಭವಿಸು. ಪುಸ್ತಕದಲ್ಲಿ ಮಾಟಗಾತಿ ಮೋಡದೂರಿನ ಜನರ ದನಿಯನ್ನೆಲ್ಲ ಹೀರಿ, ಜಾಡಿಗೆ ತುಂಬಿ, ಬಿರಡೆ ಜಡಿದಿದ್ದಳು. ಅದರ ಕೆಳಗೇ ಈ ಸಾಲು: "ಊರಿಗೆ ಊರೇ ಮೂಗಾಯಿತು. ಇನ್ನು ಯಾರೂ ಯಾರಿಗೂ ಏನನ್ನೂ ಹೇಳುವಂತಿರಲಿಲ್ಲ. ಅವರ ಬದುಕಿಗೆ ಕತ್ತಲು ಕವಿಯಿತು."

ಎದುರಿಗೆ ಬೆಂಚುಗಳಲ್ಲಿ ಕೂತಿದ್ದ ಮಕ್ಕಳಲ್ಲಿ ಒಬ್ಬರಿಗೂ ಕಿವಿ ಕೇಳಿಸದು. ಆ ಶಾಲೆಯಲ್ಲಿ ಪಾಠ, ಜಗಳ, ಚಾಡಿ ಎಲ್ಲವೂ ಕೈಸನ್ನೆಯಲ್ಲೇ, ಹೆಸರುಗಳೂ ಅಷ್ಟೇ. ಜಾರುವ ಕನ್ನಡಕವನ್ನು ಬೆರಳಿಂದ ಮೇಲಕ್ಕೆ ತಳ್ಳಿದಂತೆ ಮಾಡಿದರೆ ಅದು ಮಿಸ್. ತಲೆಯ ಪಕ್ಕ ಬೆರಳು ಸುತ್ತಿದರೆ ಗುಂಗುರು, ತರಗತಿಯ ತರಲೆ. ಕೆನ್ನೆಗೆ ಬೆರಳು ಒತ್ತಿದರೆ ಗುಳಿಕೆನ್ನೆ.

ಮಿಸ್ಸಿಗೆ ಚಿಂತೆಯಿದ್ದದ್ದು ಈ ಗುಳಿಕೆನ್ನೆಯದೇ. ಹೊಸದಾಗಿ ಸೇರಿದವಳು. ಹೇಳಿಕೊಟ್ಟದ್ದನ್ನೆಲ್ಲ ಕಣ್ಣಲ್ಲೇ ನುಂಗುತ್ತಿದ್ದಳು, ಆದರೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಗಟ್ಟಿಯಾಗಿ ಕೂತುಬಿಡುತ್ತಿದ್ದಳು. ಇಲ್ಲಿಯವರೆಗೆ ಒಂದೇ ಒಂದು ಮಾತಾಡಿದವಳಲ್ಲ. ಮನೆಯಲ್ಲಿ ಅಜ್ಜಿ ಹಾಗೆ ಅಭ್ಯಾಸ ಮಾಡಿಸಿದ್ದರು. ಕೈ ಆಡಿಸಿದರೆ ಮಗುವಿಗೆ ಬಾಯಿ ಬರುವುದಿಲ್ಲ ಎಂದು ಯಾರೋ ಅವರ ತಲೆಗೆ ತುಂಬಿದ್ದರಂತೆ. ಕಥೆಯ ನರಿ ಬಣ್ಣದ ತೊಟ್ಟಿಗೆ ಬಿದ್ದು ಎದ್ದ ದಿನ ಅವಳ ಕೆನ್ನೆಯಲ್ಲಿ ಮೊದಲ ಸಲ ಗುಳಿ ಬಿದ್ದಿತ್ತು. ಹೆಸರೂ ಅಂದೇ ಬಿತ್ತು. ಇವತ್ತಲ್ಲ ನಾಳೆ ಆ ಕೈಗಳೂ ಹೊರಬಂದಾವು ಎಂದು ಮಿಸ್ ಆಸೆಯಿಂದ ಕಾಯುತ್ತಿರುವಾಗ ಎಲ್ಲಿಂದ ವಕ್ಕರಿಸಿದಳೋ ಈ ಹಾಳು ಮಾಟಗಾತಿ! ದನಿಯಿಲ್ಲದವರ ಬದುಕು ಕತ್ತಲು ಎಂದು ಆ ಮಗುವಿಗೆ ಹೇಳುವುದು ಹೇಗೆ? ಮತ್ತೆ ಚಿಪ್ಪಿನೊಳಗೆ ಸೇರಿಕೊಂಡುಬಿಟ್ಟರೆ?

ಮಿಸ್ ಏನೂ ಆಗದವರಂತೆ ಎರಡು ಪುಟ ಒಟ್ಟಿಗೆ ಮಗುಚಿದರು.

"ಮಿಸ್, ಕಳ್ಳಾಟ!" ಗುಂಗುರುವಿನ ಕೈ ಚಟ್ಟನೆ ಮೇಲೆದ್ದಿತು. "ಎರಡು ಪುಟ ಹಾರಿಸಿದ್ರಿ. ನಾನು ನೋಡಿದೆ."

ಕಣ್ಣಲ್ಲೇ ಕೇಳುವ ಮಕ್ಕಳ ಕಣ್ಣಿಗೆ ಮಣ್ಣೆರಚುವುದುಂಟೇ? ಮಿಸ್ ಪುಟ ಹಿಂದಕ್ಕೆ ತಿರುವಿ, ಇದ್ದದ್ದನ್ನು ಇದ್ದಹಾಗೆ ಸನ್ನೆಯಲ್ಲಿ ಹೇಳಿದರು. ಜಾಡಿ, ಬಿರಡೆ, ಕತ್ತಲು, ಬೀದಿಯಲ್ಲಿ ಕೂತು ಅಳುವ ಜನ. ಗುಳಿಕೆನ್ನೆಯ ಕಡೆ ನೋಡಲು ಮಾತ್ರ ಧೈರ್ಯ ಸಾಲಲಿಲ್ಲ.

ಮಕ್ಕಳು ಮುಖ ಮುಖ ನೋಡಿಕೊಂಡರು. ಆಗ ತೊಡೆಯ ಕೆಳಗಿಂದ ಎರಡು ಕೈ ಹೊರಬಂದವು. ಬೆಂಚಿನ ಪಟ್ಟಿಯ ಗುರುತು ಅಂಗೈಗಳ ಮೇಲೆ ಕೆಂಪಗೆ ಮೂಡಿತ್ತು.

"ಅವಳು ಕೈ ಕದ್ದಿಲ್ಲ ಅಲ್ವಾ ಮಿಸ್?" ಗುಳಿಕೆನ್ನೆಯ ಬೆರಳುಗಳು ತಡವರಿಸುತ್ತ ಕೇಳಿದವು.

"ಇಲ್ಲ ಪುಟ್ಟಿ. ದನಿ ಮಾತ್ರ."

"ಮತ್ಯಾಕೆ ಅಳ್ತಾ ಕೂತಿದ್ದಾರೆ? ಮಾತಾಡ್ಬಹುದಲ್ಲ!"

ತರಗತಿ ಬಿದ್ದು ಬಿದ್ದು ನಕ್ಕಿತು. "ಹೌದಲ್ವಾ! ಶುದ್ಧ ದಡ್ಡರು!" ಎಂದು ಗುಂಗುರು ಹಣೆ ಚಚ್ಚಿಕೊಂಡ. ಗುಳಿಕೆನ್ನೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಷ್ಟು ದಿನ ಕೂಡಿಟ್ಟದ್ದೆಲ್ಲ ಆ ಪುಟ್ಟ ಬೆರಳುಗಳಿಂದ ಸುರಿಯತೊಡಗಿತು. "ಊರೋರು ಅವಳ ಮನೆ ಬಾಗಿಲಲ್ಲೇ ಕೂತ್ಕೊಳ್ಲಿ. ಜಾಡಿ ಹೇಗೆ ಎಗರಿಸೋದು ಅಂತ ಅಲ್ಲೇ ಮಾತಾಡ್ಲಿ. ಒಳಗಿಂದ ಅವಳು ಬಾಗಿಲಿಗೆ ಕಿವಿ ಹಚ್ಚಿಕೊಂಡು ನಿಂತ್ರೂ ಏನೂ ಕೇಳಿಸಲ್ಲ!"

ಮಿಸ್ ಬಾಯಿ ಬಿಟ್ಟುಕೊಂಡು ನೋಡಿದರು. ಭಲೇ ಹುಡುಗಿ! ಅಷ್ಟು ದಪ್ಪ ಪುಸ್ತಕ ಬರೆದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಇಲ್ಲೇ ಪಾಠ ಮಾಡಿ ಕೂದಲು ನೆರೆತ ತಮಗೂ ಹೊಳೆದಿರಲಿಲ್ಲ. ಇಡೀ ಕೋಣೆಯಲ್ಲಿ ಆ ಸಾಲಿಗೆ ಹೆದರಿದ್ದು ತಾವೊಬ್ಬರೇ. ಖುಷಿಗೋ ನಾಚಿಕೆಗೋ, ಕನ್ನಡಕ ಮಸುಕಾಯಿತು.

ಸಂಜೆ ಗೇಟಿನ ಹತ್ತಿರ ಅಜ್ಜಿ ಎಂದಿನಂತೆ ಮೊಮ್ಮಗಳ ಎರಡೂ ಕೈಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡರು. ಮಿಸ್ ತಡೆಯಲಾರದೆ ನಡೆದದ್ದನ್ನೆಲ್ಲ ಅವರಿಗೆ ಹೇಳಿದರು, ಮಾಟಗಾತಿಯಿಂದ ಹಿಡಿದು.

"ಅದೆಲ್ಲ ಸರಿ ಕಣಮ್ಮ," ಎಂದರು ಅಜ್ಜಿ. "ಬಸ್ಸಲ್ಲಿ ಜನ ತಿರುಗಿ ತಿರುಗಿ ನೋಡ್ತಾರೆ. ನನ್ನ ಕಂದಮ್ಮನ್ನ ಯಾರೂ ಆಡ್ಕೋಬಾರ್ದು. ಅಷ್ಟೇ ನನಗೆ."

ಅಷ್ಟರಲ್ಲಿ ಗುಳಿಕೆನ್ನೆ ಒಂದು ಕೈ ಎಳೆದುಕೊಂಡು, ಅಜ್ಜಿಯತ್ತ ಬೊಟ್ಟು ಮಾಡಿ, ಸರಸರನೆ ಏನೋ ಹೇಳಿ ನಕ್ಕಳು. ಕೆನ್ನೆಯಲ್ಲಿ ಗುಳಿ.

"ನನ್ನ ಬಗ್ಗೇನೇ ಏನೋ ಅಂದ್ಲಲ್ಲ! ಏನಂತೆ?"

ಮಿಸ್ಸಿಗೆ ಈ ಪುಟವನ್ನೂ ಹಾರಿಸಿಬಿಡೋಣ ಎನಿಸಿತು. ಹಾರಿಸಲಿಲ್ಲ.

"ಆ ಮಾಟಗಾತಿಗಿಂತ ನಮ್ಮಜ್ಜಿನೇ ಜಾಣೆ ಅಂತಾಳೆ. ಕೈ ಹಿಡ್ಕೋಬೇಕು ಅಂತ ಅವಳಿಗೆ ಹೊಳೀಲೇ ಇಲ್ಲ, ನಮ್ಮಜ್ಜಿಗೆ ಹೊಳೀತು ಅಂತೆ."

ಅಜ್ಜಿ ನಗಲು ಹೋಗಿ ಅರ್ಧಕ್ಕೇ ನಿಂತರು. ತಮ್ಮ ಮುಷ್ಟಿಯನ್ನು ನೋಡಿಕೊಂಡರು. ಅದರೊಳಗೆ ಮೊಮ್ಮಗಳ ಇನ್ನೊಂದು ಕೈ ಇತ್ತು. ಜಡಿದ ಬಿರಡೆ ತೆಗೆಯುವವರ ಹಾಗೆ, ಮೆಲ್ಲಗೆ ಬೆರಳು ಸಡಿಲಿಸಿದರು.